ಯಾರೂ ಕೇಳದ ಪೊರೆ

ಹೊಳೆಯುತ್ತಿದೆ, ಈಗಲೂ ಹೊಳೆಯುತ್ತಿದೆ, ಜೊಲ್ಲು ಎಂದುಕೊಳ್ಳಬಹುದು, ಆದರೆ ಜೊಲ್ಲಾಗಿದ್ದರೆ ಇಷ್ಟೊತ್ತಿಗೆ ಜೋತು ಜೋತು ಹರಿದು ನೆಲಕ್ಕೆ ಬೀಳಬೇಕಿತ್ತು, ಇದು ಬೀಳುವುದಿಲ್ಲ, ಎದುರಿನ ಎತ್ತು, ಬೊಲ್ಲ, ತಲೆ ಆಡಿಸಿದರೆ ತಾನೂ ಆಡುತ್ತದೆ, ನಿಲ್ಲಿಸಿದರೆ ತಾನೂ ನಿಲ್ಲುತ್ತದೆ, ಕೆಳದವಡೆಯ ಅಂಚಿನಿಂದ ಇಳಿದ ಒಂದು ಎಳೆ, ಗೇಣುದ್ದ ಇದ್ದೀತು, ಬಿಸಿಲು ತಾಗಿದಾಗ ಬೆಳ್ಳಿ, ತಾಗದಿದ್ದಾಗ ಏನೂ ಇಲ್ಲ — ಜೀಪಿನ ಗಾಜಿನ ಮೇಲೊಂದು ನೊಣ ಬಂದು ಸರಿಯಾಗಿ ಆ ಎಳೆಯ ಮೇಲೇ ಕೂತಿತು, ಚಿತ್ರಾ ಕೈಬೀಸಿ ಓಡಿಸಿದಳು, ಬೆರಳು ಗಾಜಿಗೆ ಬಡಿದ ಮೇಲೆ ಗೊತ್ತಾಯಿತು, ನೊಣ ಆಚೆ ಇದೆ, ತಾನು ಈಚೆ. ನೊಣಕ್ಕೆ ಬೇಕಾದಾಗ ಹಾರಿ ಹೋಗಬಹುದು. ಅವಳು ಇನ್ನೊಮ್ಮೆ ಬಾಗಿಲಿನ ಹಿಡಿ ಎಳೆದಳು, ಟಕ್ ಎಂದಿತು, ಬಾಗಿಲು ಬರಲಿಲ್ಲ, ಈ ಜೀಪಿನ ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕ್ ಹಾಕಿದ್ದಾರೆ, ಹೊರಗಿನಿಂದ ಯಾರಾದರೂ ತೆಗೆಯಬೇಕು, ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳಿಗೆ, ಕತ್ತಿನಲ್ಲಿ ಲೋಕಲ್ ಕೋಆರ್ಡಿನೇಟರ್ ಎಂಬ ಪಟ್ಟಿ ತೂಗುವವಳಿಗೆ ಮಕ್ಕಳ ಲಾಕ್, ಮೊಣಕಾಲ ಮೇಲೆ ಐಸ್ ತುಂಬಿದ ನೀಲಿ ಡಬ್ಬ, ಪಕ್ಕದಲ್ಲಿ ಮುದುಡಿ ತುರುಕಿದ ಕಿತ್ತಳೆ ಬಣ್ಣದ ಪ್ಯಾರಾಚೂಟು, ಮುಂದೆ ದಾರಿಗೆ ಅಡ್ಡವಾಗಿ ಬಳ್ಳಾರಿ ಜಾಲಿಯ ಮುಳ್ಳುಕಂಪೆ, ಹಿಂದೆಯೂ ಅದೇ ಮುಳ್ಳುಕಂಪೆ, ಸುತ್ತ ಊರಿನ ಗಂಡಸರು, ಎಲ್ಲರೂ ಗೊತ್ತಿದ್ದವರು, ಮಾವ, ಚಿಕ್ಕಪ್ಪ, ಅಣ್ಣ ಎಂದು ಕರೆದು ಬೆಳೆದವರು, ಬೆಳಿಗ್ಗೆಯಿಂದ ಒಬ್ಬರೂ ಅವಳ ಮುಖ ನೋಡಿಲ್ಲ. ಮುಂದಿನ ಸೀಟಿನಲ್ಲಿ ಶಶಿಕಾಂತ್ ಸರ್, ಬಲೂನು ಸಂಸ್ಥೆಯ ವಿಜ್ಞಾನಿ, ಫೋನನ್ನು ಕಿವಿಗೂ ಕಣ್ಣಿಗೂ ನಡುವೆ ಆಡಿಸುತ್ತಾ, ಗ್ಲಾಸ್ ಇಳಿಸಬೇಡಿ ಚಿತ್ರಾ, ಚಳ್ಳಕೆರೆಯಿಂದ ಪೊಲೀಸರು ಹೊರಟಿದ್ದಾರೆ, ಅವರು ಬರೋವರೆಗೆ ಯಾರೂ ಇಳಿಯೋದು ಬೇಡ. ಡ್ರೈವರ್ ಮಹಾಂತೇಶ ಸ್ಟೀರಿಂಗ್ ಮೇಲೆ ಗದ್ದ ಊರಿ, ಪೊಲೀಸ್ರು ಬಂದ್ರೂ ಚಪ್ಪಲಿ ಬಿಡ್ಬೇಕಲ್ಲ ಸರ್, ಅವ್ರ ಬೂಟು ಬಿಚ್ಚೋದ್ರಾಗೆ ಹೊತ್ತು ಮುಳುಗ್ತೈತೆ. ಸರ್ ನಗಲಿಲ್ಲ. ಎಳೆ ಆಡಿತು, ಅಂದರೆ ಬೊಲ್ಲ ಉಸಿರಾಡುತ್ತಿದ್ದಾನೆ.

ಇಷ್ಟೆಲ್ಲ ಭೂಮಿ ಬಿದ್ದಿದೆ, ಚಳ್ಳಕೆರೆಯಿಂದ ಮೊಳಕಾಲ್ಮುರುವರೆಗೆ ಈರುಳ್ಳಿ ಹೊಲ, ಶೇಂಗಾ ಹೊಲ, ಕಲ್ಲುಗುಡ್ಡ, ಒಣಗಿದ ಹಳ್ಳ, ಬಲೂನಿನ ಪೆಟ್ಟಿಗೆ ಎಲ್ಲಿ ಬೇಕಾದರೂ ಬೀಳಬಹುದಿತ್ತು, ಗೌರಸಮುದ್ರದ ಈರುಳ್ಳಿ ಮಡಿಯಲ್ಲಿ ಒಮ್ಮೆ ಬಿದ್ದಾಗ ಎಷ್ಟು ಸಲೀಸಾಗಿ ಮುಗಿದಿತ್ತು, ಹೊಲದ ಹೆಂಗಸು ಪೆಟ್ಟಿಗೆಯ ಪಕ್ಕ ಕೂತು ಎಲೆಅಡಿಕೆ ಹಾಕುತ್ತಾ, ಮ್ಯಾಗೆ ಏನ್ ಕಂಡು ಬಂತವ್ವಾ ಇದು, ನಮ್ಮಪ್ಪ ಏನಾರ ಸಿಕ್ಕಿದ್ನಾ ಕೇಳು ಎಂದಿದ್ದಳು, ಚಿತ್ರಾ ನಕ್ಕು, ಬಾಂಬಲ್ಲ ಅಕ್ಕಾ, ಗಾಳಿ ಹಿಡಿದು ತರೋ ಡಬ್ಬಿ ಎಂದು ಎಲ್ಲ ಊರಿನಲ್ಲಿ ಹೇಳುವುದನ್ನೇ ಹೇಳಿದ್ದಳು, ಅದೇ ಅವಳ ಕೆಲಸ, ಬಿದ್ದ ಕಡೆ ಹೋಗಿ ಜನರ ಹತ್ತಿರ ಮಾತಾಡುವುದು, ಅವರ ಸಿಟ್ಟಿನ ಮೇಲೆ ನೀರು ಹನಿಸುವುದು. ಇವತ್ತು ಮಾತ್ರ ಪರದೆಯ ಮೇಲೆ ಚುಕ್ಕೆ ಇಳಿದು ಇಳಿದು ನಿಂತ ಜಾಗ ಕಂಡಾಗಲೇ ಅದು ತನ್ನೂರೆಂದು ಗೊತ್ತಾಯಿತು, ಆಗ ಯಾರಿಗೂ ಹೇಳದೆ ಜೀಪು ಹತ್ತಿದಳು. ಬೆಳಗಾಗುವಾಗ ಪರಶುರಾಂಪುರದ ಆಚೆಯ ಬಯಲಿನಲ್ಲಿ ಬಿಟ್ಟಾಗ ಬಲೂನು ಎಂದರೆ ನೆಲದ ಮೇಲೆ ಸತ್ತು ಬಿದ್ದಂಥ ಉದ್ದನೆಯ ಪ್ಲಾಸ್ಟಿಕ್, ಈರುಳ್ಳಿ ಸಿಪ್ಪೆಗಿಂತ ತೆಳು, ತುದಿಯಲ್ಲಿ ಮಾತ್ರ ಒಂದಿಷ್ಟು ಹೈಡ್ರೋಜನ್ ಗುಳ್ಳೆ, ಅದು ಮೇಲೇರಿದಂತೆ ಹೊರಗಿನ ಗಾಳಿ ಕಮ್ಮಿಯಾಗಿ ಒಳಗಿನದು ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಒಂದು ಊರನ್ನೇ ಹೊಟ್ಟೆಗೆ ಹಾಕಿಕೊಳ್ಳುವಷ್ಟಾಗುತ್ತದೆ, ಅಲ್ಲಿ ಹಗಲಿನಲ್ಲೂ ಆಕಾಶ ಕಪ್ಪು, ಆಕಾಶದ ಅಂಚು ಎನ್ನುತ್ತಾರೆ ಸರ್, ಆ ಅಂಚಿನ ಗಾಳಿಯನ್ನೂ ಧೂಳನ್ನೂ ಸೀಸೆಗಳಲ್ಲಿ ತುಂಬಿಕೊಂಡು ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ಸೀಸೆಗಳು ಸಂಜೆಯೊಳಗೆ ಐಸಿಗೆ ಬೀಳಬೇಕು, ಇಲ್ಲದಿದ್ದರೆ ಎಲ್ಲ ದಂಡ. ಮತ್ತೆ ಆ ಪ್ಲಾಸ್ಟಿಕ್, ಅಷ್ಟು ದೊಡ್ಡ ಹೊಟ್ಟೆ, ಅದು ಹರಿದು ಬೇರೆ ಎಲ್ಲೋ ಬೀಳುತ್ತದೆ, ಅದನ್ನು ಹುಡುಕಿ ತರಬೇಕೆಂಬುದು ನಿಯಮ, ತಂದರೆ ತಂದರು, ಗಾಳಿಗೆ ಹೋಯಿತೆಂದರೆ ಹೋಯಿತು. ಊರವರು ಅದಕ್ಕೆ ಪೊರೆ ಎಂದು ಹೆಸರಿಟ್ಟಿದ್ದಾರೆ, ಹಾವು ಬಿಟ್ಟು ಹೋದ ಹಾಗೆ ಬಿಟ್ಟು ಹೋಗಿದ್ದಕ್ಕೆ.

ಪ್ಯಾರಾಚೂಟು ಕಳಚಿ ಬೇಲಿಯಾಚೆ ಸಿಕ್ಕಿತು, ಪೆಟ್ಟಿಗೆ ಬಿದ್ದದ್ದು ದೇವರ ಎತ್ತುಗಳ ರೊಪ್ಪದಲ್ಲಿ. ಸುತ್ತ ಆಳೆತ್ತರದ ಮುಳ್ಳುಬೇಲಿ, ಒಳಗೆ ದೇವರಿಗೆ ಬಿಟ್ಟ ದನ, ಹೋಗಿ ಬರಲು ಒಂದೇ ಒಂದು ಬಾಯಿ, ಆ ಬಾಯಿಯೊಳಗೆ ಚಪ್ಪಲಿ ಹೋಗುವಂತಿಲ್ಲ, ಕಬ್ಬಿಣದ ಅಲಗು ಹೋಗುವಂತಿಲ್ಲ, ಮೈನೆರೆದ ಹೆಣ್ಣು ಹೋಗುವಂತಿಲ್ಲ, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಚಪ್ಪಲಿ, ಅಲಗು, ಹೆಣ್ಣು. ಆ ದನಗಳ ಮೂಗು ಚುಚ್ಚುವುದಿಲ್ಲ, ಬೀಜ ಒಡೆಯುವುದಿಲ್ಲ, ನೇಗಿಲಿಗೆ ಹೂಡುವುದಿಲ್ಲ, ಹಾಲು ಕರೆಯುವುದಿಲ್ಲ, ಸತ್ತರೆ ಹೂಳುತ್ತಾರೆ, ಮನುಷ್ಯನನ್ನು ಹೂಳುವುದಕ್ಕಿಂತ ಒಂದು ಕೈ ಹೆಚ್ಚು ಆಳ. ಅವುಗಳನ್ನು ಕಾಯುವವನು ಕಿಲಾರಿ, ಚಿತ್ರಾಳ ಅಪ್ಪ ದೊಡ್ಡಪಾಲಯ್ಯ ಕಿಲಾರಿ, ಹುಟ್ಟಿದಾಗಿನಿಂದ ಕಾಲಿಗೆ ಚಪ್ಪಲಿ ಕಂಡವನಲ್ಲ. ರೊಪ್ಪಕ್ಕೆ ಇನ್ನೊಂದು ಕಟ್ಟಳೆ ಇದೆ, ಒಳಗೆ ತಪ್ಪಿಸಿಕೊಂಡು ಬಂದದ್ದು, ಹಾರಿ ಬಂದು ಬಿದ್ದದ್ದು ಏನೇ ಇರಲಿ, ಕುರಿಮರಿ, ಟವೆಲ್ಲು, ಮದುವೆ ಮನೆಯವರ ಡ್ರೋನು, ಅದು ದೇವರಿಗೆ ಮೀಸಲು, ಮನುಷ್ಯರು ಬಳಸುವಂತಿಲ್ಲ, ಬಿಸಾಡುವಂತೆಯೂ ಇಲ್ಲ, ಮಾಲೀಕ ಬರಿಗಾಲಿನಲ್ಲಿ ಬಾಯಿಗೆ ಬಂದು ನಿಂತು ಇದು ನನ್ನದು ಕೊಡ್ರಿ ಎಂದು ಕೇಳುವವರೆಗೆ. ಕೇಳಿದ ಮೇಲೆ ದೇವರು ಒಂದು ಗಳಿಗೆಯೂ ಇಟ್ಟುಕೊಳ್ಳುವಂತಿಲ್ಲ. ಆದರೆ ಕೇಳಿದವನು ತನ್ನ ಸಾಮಾನು ಮಾಡಿದ ಕೇಡನ್ನೂ ಹೊರಬೇಕು, ದನಕ್ಕೆ ನೋವಾಗಿದ್ದರೆ ಅವನ ಕೈನೀರನ್ನು ಕಿಲಾರಿ ಜೀವ ಇರುವವರೆಗೆ ಮುಟ್ಟುವುದಿಲ್ಲ. ಇದನ್ನೆಲ್ಲ ದಾರಿಯಲ್ಲೇ ಸರ್‌ಗೆ ಹೇಳಿದ್ದಳು, ಸರ್ ಕೆಟ್ಟವರಲ್ಲ, ಬೂಟು ಬಿಚ್ಚಿದರು, ಪ್ಯಾಂಟು ಮಡಚಿದರು, ನೆಗ್ಗಿಲಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಾ ಬಾಯಿಗೆ ಹೋಗಿ ಪೆಟ್ಟಿಗೆ ನಮ್ಮದು ಕೊಡಿ ಎಂದರು. ಪೂಜಾರಿ ಗಾದ್ರಪ್ಪ ಮೇಲಿನಿಂದ ಕೆಳಗೆ ನೋಡಿ, ಪೆಟ್ಟಿಗೆ ನಿಮ್ದು, ಸರಿ ಸ್ವಾಮಿ, ಪೊರೆ ಯಾರ್ದು. ಯಾವ ಪೊರೆ. ಮಳೆಗಾಲಕ್ಕೆ ಮುಂಚೆ ಬಿತ್ತಲ್ಲ ಅದು. ನಮ್ಮ ಹೋದ ಸಲದ ಶೀಟು ಪೂರ್ತಿ ಸಿಕ್ಕಿದೆ, ಇದು ನಮ್ಮದಲ್ಲ ಎಂದರು ಸರ್. ಅದಕ್ಕೆ ಗಾದ್ರಪ್ಪ, ಪೆಟ್ಟಿಗೆ ಕೇಳಾಕೆ ಬರಿಗಾಲಾಗೆ ಬಂದ್ರಿ, ಪೊರೆ ಕೇಳಾಕೆ ಬಾಯಿ ಇಲ್ವಾ, ಒಂದೇ ಬಳ್ಳಿ ಕಾಯಿ ಎರಡೂ, ಕೇಳಿದ್ರೆ ಎರಡೂ ಕೇಳ್ರಿ, ಇಲ್ಲಾ ನೆಳ್ಳಿಗೆ ಹೋಗಿ ಕೂತ್ಕಳ್ರಿ. ಸರ್ ಬಂದು ಕೂತರು. ಹಿಂದೆಯೇ ಮುಳ್ಳುಕಂಪೆ ಬಂತು.

ಎಳೆ ಮತ್ತೆ ಬೆಳ್ಳಿಯಾಯಿತು. ಬೊಲ್ಲನನ್ನು ರೊಪ್ಪದ ಬಾಯಿಗೇ ತಂದು ನಿಲ್ಲಿಸಿದ್ದಾರೆ, ಗಾಳಿ ಆಡಲಿ ಎಂದು, ಹಣೆಯ ಬಿಳಿ ಮಚ್ಚೆ ಕಾಣುತ್ತದೆ, ಆ ಮಚ್ಚೆಗೇ ಬೊಲ್ಲ ಎಂದು ಹೆಸರು, ಕರು ಇದ್ದಾಗ ಆ ಮಚ್ಚೆ ಅವಳ ಅಂಗೈ ಅಗಲವಿತ್ತು, ಈಗ ಎರಡು ಅಂಗೈ ಇಟ್ಟರೂ ಮುಚ್ಚುವುದಿಲ್ಲ — ಮುಚ್ಚಿ ನೋಡಿದವಳಲ್ಲ, ದೂರದಿಂದ ಅಳೆದದ್ದು. ತಾಯಿ ಸತ್ತ ಕರು, ದಾ ಬೊಲ್ಲಾ, ದಾ ಎಂದು ಮನೆಯ ತೆಲುಗಿನಲ್ಲೇ ಕರೆಯುತ್ತಿದ್ದಳು, ಲಂಗದ ಅಂಚಿನಲ್ಲಿ ಕಲ್ಲುಪ್ಪು ಕಟ್ಟಿಕೊಂಡು ಹೋಗಿ ಅಂಗೈಯಲ್ಲಿ ಇಟ್ಟು ನೆಕ್ಕಿಸುತ್ತಿದ್ದಳು, ಅವನ ನಾಲಿಗೆ ಅರದ ಹಾಗೆ, ಉಪ್ಪು ಮುಗಿದ ಮೇಲೂ ನೆಕ್ಕುತ್ತಿದ್ದ, ಅಂಗೈಯ ಗೆರೆಗಳನ್ನೇ ಅಳಿಸುವವನಂತೆ, ಅಪ್ಪ ನಗುತ್ತಾ, ಸಾಕು ಬಿಡವ್ವ, ಹಣೆಬರಹ ಅಳಿಸ್ಯಾನು ಎನ್ನುತ್ತಿದ್ದ. ಆಮೇಲೆ ಒಂದು ದಿನ ಅಮ್ಮ ಅವಳನ್ನು ಊರಾಚೆ ಸೊಪ್ಪಿನ ಗುಡಿಸಲಿನಲ್ಲಿ ಕೂರಿಸಿದಳು, ಗುಡಿಸಲಿನಿಂದ ಬಂದವಳು ಸೀದಾ ಉಪ್ಪು ಕಟ್ಟಿಕೊಂಡು ರೊಪ್ಪಕ್ಕೆ ಓಡಿದಳು, ಬಾಯಲ್ಲಿ ಅಪ್ಪ ಕೋಲು ಅಡ್ಡ ಹಿಡಿದ, ಹೊಡೆಯಲಿಲ್ಲ, ಕೋಲು ಅಡ್ಡ ಹಿಡಿದು ಬೇರೆ ಕಡೆ ನೋಡಿದ, ಒಳಗೆ ಕರು ಕೂಗುತ್ತಿತ್ತು, ಅಂದಿನಿಂದ ಇಂದಿನವರೆಗೆ ಅವಳ ಅಂಗೈಯನ್ನು ಅವನು ಮುಟ್ಟಿಲ್ಲ. ಬೇಲಿಯ ಸಂದಿನಿಂದ ನೋಡುವುದನ್ನು ಕಲಿತಳು. ಎಂಥ ದೇವರಪ್ಪ ಇದು, ಪ್ಲಾಸ್ಟಿಕ್ಕಿಗೆ ಬಾಗಿಲು ತೆಗೆದು ಹುಡುಗಿಗೆ ಕೋಲು ಹಿಡಿಯುವುದು, ಆಕಾಶದ ಕಸ ಮೀಸಲು, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮೈಲಿಗೆ — ಈ ಮಾತನ್ನು ಅವಳು ಅಪ್ಪನಿಗೆ ಎಂದೂ ಹೇಳಿಲ್ಲ, ಚಳ್ಳಕೆರೆಯಲ್ಲಿ ಹಾಸ್ಟೆಲಿನ ಗೆಳತಿಯರಿಗೆ ಹೇಳಿದ್ದಳು, ಅವರು ಚಪ್ಪಾಳೆ ತಟ್ಟಿದ್ದರು, ಚಪ್ಪಾಳೆಯಿಂದ ಬೇಲಿಯ ಒಂದು ಮುಳ್ಳೂ ಬಾಗಲಿಲ್ಲ.

ಆದರೆ ಬೇಲಿಯೊಂದನ್ನೇ ಬೈದರೆ ಅರ್ಧ ಮಾತು, ಇನ್ನರ್ಧ ಗೋಡೆ. ಜೀಪಿನ ಇನ್ನೊಂದು ಗಾಜಿನಿಂದ ಕಾಣುತ್ತದೆ, ವರವು ಕಾವಲಿನ, ದನ ಮೇಯುತ್ತಿದ್ದ ಹುಲ್ಲುಗಾವಲಿನ, ಉದ್ದಕ್ಕೆ ಹೊರಟ ಗೋಡೆ, ಕಣ್ಣು ಹೋದಲ್ಲಿಗೂ ಮುಗಿಯದ್ದು, ಮೇಲೆ ಮುಳ್ಳುತಂತಿ, ಅವಳು ಓದುತ್ತಿದ್ದಾಗ ಎದ್ದದ್ದು. ಅದಕ್ಕೆ ಮುಂಚೆ ದೇವರ ಎತ್ತುಗಳಿಗೆ ಬಣವೆ ಎಂದರೇನೆಂದು ಗೊತ್ತಿರಲಿಲ್ಲ, ಹುಲ್ಲು ಇರುವ ಕಡೆ ಅವು, ಅವು ಇರುವ ಕಡೆ ಅಪ್ಪ. ಸರ್ಕಾರದವರು ದೇಶಕ್ಕೆ ಬೇಕು ಎಂದರು, ದೇಶ ಎಂದರೆ ಅಪ್ಪನಿಗೆ ಕಾವಲೇ, ಅದನ್ನೇ ಕಿತ್ತುಕೊಂಡು ಅದಕ್ಕೇ ಬೇಕು ಎಂದರೆ ಹೇಗೆ ತಿಳಿಯಬೇಕು ಅವನಿಗೆ. ಗೋಡೆ ಎದ್ದ ಮೇಲೆ ದೇವರ ದನ ನಿಂತಲ್ಲೇ ಉಣ್ಣತೊಡಗಿದವು, ಊರವರು ಮನೆಮನೆಯಿಂದ ಶೇಂಗಾ ಹೊಟ್ಟು ತಂದು ರೊಪ್ಪದೊಳಗೆ ಬಣವೆ ಹಾಕಿದರು, ಬಣವೆಗೆ ಮಳೆ ಬಿದ್ದರೆ ಬೂಸಲು, ಬೂಸಲು ತಿಂದರೆ ದನಕ್ಕೆ ಕೇಡು, ಹಾಗೆ ಯೋಚಿಸುತ್ತಿದ್ದ ದಿನಗಳಲ್ಲೇ ಮೇಲಿನಿಂದ ಪೊರೆ ಇಳಿಯಿತು, ಸದ್ದಿಲ್ಲದೆ, ಅಪ್ಪ ಹೇಳುತ್ತಿದ್ದ, ಮೋಡದ ಸೆರಗು ಹರಿದು ಬಿದ್ದಂಗೆ ಬಿತ್ತು ಕಣವ್ವ. ದೇವರೇ ತನ್ನ ದನಕ್ಕೆ ಹೊದಿಕೆ ಕಳಿಸಿದ ಎಂದು ಗಾದ್ರಪ್ಪ ಕುಂಕುಮ ಹಚ್ಚಿದ, ಬಣವೆಯ ಮೇಲೆ ಹೊದಿಸಿದರು, ಮೀಸಲಾದ್ದನ್ನು ಮೀಸಲಿಗೇ ಬಳಸಿದರು, ಅದರಲ್ಲಿ ಏನು ತಪ್ಪು. ಅವಳು ಅಪ್ಪನಿಗೆ ಹೇಳಿದ್ದಳು, ಅಪ್ಪಾ ಅದು ಬಲೂನಿಂದು, ಅಪ್ಪ ಉತ್ತರ ಕೊಟ್ಟಿದ್ದ, ಎಲ್ಲಿಂದ ಬಂತು ಅನ್ನಾದಲ್ಲವ್ವ, ಎಲ್ಲಿ ಬಿತ್ತು ಅನ್ನಾದು, ನಿಮ್ಮೋರಿಗೆ ಬೇಕಾದ್ರೆ ಬಂದು ಕೇಳ್ಲಿ. ಸರ್‌ಗೂ ಹೇಳಿದ್ದಳು, ಸರ್ ನಕ್ಕಿದ್ದರು, ಅವರಿಗೆ ಉಪಯೋಗ ಆಗ್ತಿದೆಯಲ್ಲ, ಬಿಡಿ. ಬಿಟ್ಟರು. ಮಳೆ ಬಿತ್ತು, ಬಿಸಿಲು ಬಿತ್ತು, ಪೊರೆ ಸೀಳಿತು, ಅದಕ್ಕೆ ಶೇಂಗಾ ಹೊಟ್ಟಿನ ವಾಸನೆ ಹತ್ತಿತು, ಉಪ್ಪಿನ ಆಸೆಯವನು ಬೊಲ್ಲ, ನೆಕ್ಕಿದ, ನಾಲಿಗೆಗೆ ಸಿಕ್ಕ ಪಟ್ಟಿ ಒಳಗೆ ಹೋಯಿತು, ಅದರ ಹಿಂದೆ ಇನ್ನೊಂದು.

ಹೋದ ಸಲದ ಪೆಟ್ಟಿಗೆಯ ಕ್ಯಾಮೆರಾ ತೆಗೆದ ಚಿತ್ರವೊಂದನ್ನು ಸರ್ ಸಂಸ್ಥೆಯ ಹಜಾರದಲ್ಲಿ ದೊಡ್ಡದು ಮಾಡಿ ಹಾಕಿಸಿದ್ದಾರೆ, ಮೇಲೆ ಕಪ್ಪು, ಅದರ ಕೆಳಗೆ ಬಾಗಿದ ಭೂಮಿಯ ನೀಲಿ ಅಂಚು, ಶಾಲೆಯ ಮಕ್ಕಳು ಬಂದಾಗ ಹೇಳುತ್ತಾರೆ, ನೋಡಿ, ಅಲ್ಲಿಂದ ಜಾತಿ ಕಾಣಲ್ಲ, ಗಡಿ ಕಾಣಲ್ಲ, ಗೋಡೆ ಕಾಣಲ್ಲ. ಚಿತ್ರಾ ಆ ಚಿತ್ರದ ಕೆಳಮೂಲೆಗೆ ಮುಖ ತಾಗಿಸಿ ನೋಡಿದ್ದಾಳೆ, ಕಾಣುತ್ತದೆ, ಸ್ಕೇಲಿಟ್ಟು ಎಳೆದ ಗೆರೆ, ಗೆರೆಯ ಒಳಗೆ ಯಾರೂ ಮೇಯದ ಹುಲ್ಲು ಬಂಗಾರದ ಬಣ್ಣಕ್ಕೆ ನಿಂತಿದೆ, ಹೊರಗೆ ಕೆಂಪು ನೆಲ, ಬೋಳು. ಸರ್, ಇದೇ ಗೋಡೆ ಎಂದು ಬೆರಳಿಟ್ಟಳು. ಅರೆ ಹೌದಲ್ಲ, ಎಷ್ಟು ಶಾರ್ಪಾಗಿ ಬಂದಿದೆ, ಕ್ಯಾಮೆರಾ ಒಳ್ಳೇದು ಎಂದರು ಸರ್. ಅವರು ನಿಜವಾಗಿಯೂ ಸಂತೋಷಪಟ್ಟರು, ಅದಕ್ಕೇ ಅವಳಿಗೆ ಸಿಟ್ಟು ಮಾಡಲೂ ಆಗಲಿಲ್ಲ, ಹಾಗೆ ಮಾಡಲಾಗದ ಸಿಟ್ಟುಗಳೆಲ್ಲ ಎಲ್ಲಿ ಹೋಗುತ್ತವೆ, ಅವೂ ಒಳಗೆ ಎಲ್ಲೋ ಸುತ್ತಿಕೊಂಡು ಕೂರುತ್ತವೆ, ಒಂದರ ಹಿಂದೆ ಇನ್ನೊಂದು, ತುದಿ ಮಾತ್ರ ಬಾಯಲ್ಲಿ ಹೊಳೆಯುತ್ತಾ.

ಗಾಜಿಗೆ ಯಾರೋ ಬೆರಳಿನಿಂದ ತಟ್ಟಿದರು, ವಿಶ್ವನಾಥ್ ಡಾಕ್ಟರು, ಚಳ್ಳಕೆರೆಯ ದನದ ಆಸ್ಪತ್ರೆಯಿಂದ ಬೆಳಿಗ್ಗೆಯೇ ಬಂದವರು, ಬರಿಗಾಲು, ಅಂಗಿಯೆಲ್ಲ ಬೆವರು, ಸರ್ ಗಾಜನ್ನು ನಾಲ್ಕು ಬೆರಳು ಇಳಿಸಿದರು. ನೋಡ್ರಿ, ಬಾಯಿಂದ ಎಳೆಯಂಗಿಲ್ಲ, ಎಳೆದ್ರೆ ಒಳಗಿಂದ ಹರೀತೈತೆ, ಬೆಳಿಗ್ಗೆ ಪಾಲಯ್ಯ ಎಳೆಯಕ್ಕೆ ಹೋಗಿ ಅದು ಕೂಗಿದ್ದು ಕೇಳಿದ್ರಲ್ಲ, ಕತ್ತರಿಸಂಗೂ ಇಲ್ಲ, ತುದಿ ಒಳಗೆ ಹೋದ್ರೆ ಮುಗೀತು, ಎಣ್ಣೆ ಕುಡಿಸಿ ಆಯ್ತು, ಇನ್ನು ಎಡಪಕ್ಕೆ ತೆಗೆದು ಕೈ ಹಾಕಿ ಹೊರಗೆ ಎಳೀಬೇಕು, ನಿಂತಂಗೇ ಮಾಡ್ತೀನಿ, ಮರಗಟ್ಟಿಸಿ, ಎಷ್ಟೋ ಮಾಡೀನಿ, ಆದ್ರೆ ಕತ್ತಿ ಒಳಗೆ ಬಿಡವಲ್ರು. ಮೆಲುಕು ನಿಂತೈತೆ, ಹೊಟ್ಟೆ ನಗಾರಿ ಆಗೈತೆ, ಬಿಸಿಲು ಇಳಿಯೋ ಹೊತ್ತಿಗೆ ಉಸಿರು ಕಟ್ತೈತೆ. ನೀವು ಅದು ನಮ್ದು ಅಂತ ಒಂದ್ಮಾತು ಕೇಳಿಬಿಟ್ರೆ ಕತ್ತಿ ಬಿಡ್ತೀನಿ ಅಂತಾನೆ ಗಾದ್ರಪ್ಪ, ಕೇಳಿದ್ದನ್ನ ವಾಪಸ್ ಕೊಡಲೇಬೇಕಂತೆ, ಹೊಟ್ಟೆಯೊಳಗೆ ಇದ್ರೂ ಕೊಡಲೇಬೇಕಂತೆ, ಆಗ ಅದು ದೇವರ ಎತ್ತಿಗೆ ಕತ್ತಿ ಹಾಕಿದಂಗಲ್ಲ, ಸಾಲ ತೀರಿಸಿದಂಗೆ. ಸರ್ ಕನ್ನಡಕ ತೆಗೆದು ಒರೆಸಿದರು, ಡಾಕ್ಟ್ರೇ, ನಮ್ಮದು ಅಂದರೆ ನಾಳೆ ಪೇಪರಿನಲ್ಲಿ ಬರುತ್ತೆ, ಹಾರಾಟಕ್ಕೆ ಅನುಮತಿ ನಿಲ್ಲುತ್ತೆ, ಆ ಸೀಸೆಗಳಲ್ಲಿ ನನ್ನ ಹುಡುಗರ ವರ್ಷಗಟ್ಟಲೆ ಕೆಲಸ ಇದೆ, ಒಂದು ಹಸುವಿಗೋಸ್ಕರ — ಹಸುವಲ್ಲ, ಎತ್ತು, ಎಂದರು ಡಾಕ್ಟರು, ಅಷ್ಟು ಹೇಳಿ ಹೋದರು. ಗಾಜು ಮೇಲೇರಿತು. ಬೊಲ್ಲನ ಎಡಪಕ್ಕೆ ಬೆನ್ನಿಗಿಂತ ಮೇಲೆ ಬಂದಿದೆ, ಹಿಗ್ಗುತ್ತಿದೆ, ಹೊರಗಿನ ಗಾಳಿ ಅಷ್ಟೇ ಇದ್ದರೂ ಹಿಗ್ಗುತ್ತಿದೆ, ಯಾವ ಎತ್ತರಕ್ಕೆ ಹೊರಟಿದ್ದಾನೆ ಇವನು, ಯಾವ ಕಪ್ಪಿಗೆ, ಅಲ್ಲಿ ಯಾರು ಇವನ ಹಗ್ಗ ಕತ್ತರಿಸಿ ಪ್ಯಾರಾಚೂಟು ಬಿಚ್ಚುತ್ತಾರೆ. ಈಗ ಅವಳಿಗೆ ಹೊಳೆಯಿತು, ಗಾದ್ರಪ್ಪ ದಾರಿ ಕಟ್ಟಿ ಕೂತಿಲ್ಲ, ದಾರಿ ಹುಡುಕಿ ಕೂತಿದ್ದಾನೆ, ಕಟ್ಟಳೆಯ ಬೇಲಿಯಲ್ಲಿ ಇರುವುದು ಇದೊಂದೇ ಕಿಂಡಿ, ಅದನ್ನು ಬೆಳಿಗ್ಗೆಯಿಂದ ತೆರೆದು ಹಿಡಿದಿದ್ದಾನೆ, ಒಬ್ಬರು ಬಂದು ಕೇಳಿದರೆ ಸಾಕು, ಬೈದುಕೊಂಡಾದರೂ ಕೇಳಿದರೆ ಸಾಕು.

ಕಿಂಡಿಯಲ್ಲಿ ತೂರುವವರು ಯಾರು. ಸರ್ ತೂರುವುದಿಲ್ಲ. ಅವಳ ಕತ್ತಿನ ಪಟ್ಟಿಗೆ ಅಷ್ಟು ತೂಕ ಇದೆಯೆಂದು ಸರ್‌ಗೂ ಗೊತ್ತು, ತಿರುಗದೆಯೇ, ಕನ್ನಡಿಯಲ್ಲಿ ಅವಳನ್ನು ನೋಡಿ, ಚಿತ್ರಾ, ನೀವೇನಾದರೂ ಹೇಳಿದರೆ ಅದು ಸಂಸ್ಥೆ ಹೇಳಿದ ಹಾಗೆ, ಯೋಚನೆ ಮಾಡಿ, ನಿಮ್ಮ ಹೆಸರು ಮುಂದಿನ ವರ್ಷದ ಕಾಯಂ ಪಟ್ಟಿಗೆ ಕಳಿಸಿದ್ದೇನೆ. ಹೇಳಿದರೆ ಈ ಕೆಲಸ ಹೋಗುತ್ತದೆ, ಹೋಗಲಿ, ಕೆಲಸ ಹೋದವರು ಬದುಕಿದ್ದಾರೆ. ಆದರೆ ಕೇಳಿದವರ ಕೈನೀರು — ರಜೆಗೆ ಬಂದಾಗ ಸಂಜೆ ರೊಪ್ಪದಿಂದ ಬರುವ ಅಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು, ಅವ್ವಾ ನೀರು ಎನ್ನುತ್ತಾನೆ, ಅಮ್ಮ ಪಕ್ಕದಲ್ಲೇ ಇದ್ದರೂ ಅವಳನ್ನೇ ಕರೆಯುತ್ತಾನೆ, ಚೊಂಬು ಎತ್ತಿ ಗಟಗಟನೆ ಕುಡಿಯುವಾಗ ಗಂಟಲ ಮಣಿ ಮೇಲೆ ಕೆಳಗೆ ಓಡುತ್ತದೆ, ರೊಪ್ಪದಿಂದ ಹೊರಗಟ್ಟಿದ ಮೇಲೆ ಅಪ್ಪ ಅವಳಿಗೆ ಉಳಿಸಿದ ಜಾಗ ಅದೊಂದೇ, ಆ ಚೊಂಬಿನಷ್ಟು. ಅದನ್ನೂ ಕೊಟ್ಟುಬಿಡಬೇಕು. ಸುಮ್ಮನಿದ್ದರೆ ಬೊಲ್ಲ ಹೋಗುತ್ತಾನೆ, ಬಾಯಿ ಬಿಟ್ಟರೆ ಅಪ್ಪ ಹೋಗುತ್ತಾನೆ, ಯಾವನು ಕಟ್ಟಿದ್ದು ಈ ರೊಪ್ಪ, ಯಾವ ಕಡೆ ತಿರುಗಿದರೂ ಮುಳ್ಳು ಒಳಕ್ಕೇ ಇದೆ — ಗಾಜಿನ ಮೇಲೆ ನೆರಳು ಬಿತ್ತು, ಅಪ್ಪ. ಹೆಗಲ ಮೇಲೆ ಕಂಬಳಿ, ಬೆಳಿಗ್ಗೆಯಿಂದ ಮೊದಲ ಸಲ ಜೀಪಿನ ಹತ್ತಿರ ಬಂದಿದ್ದಾನೆ, ಅಂಗೈಯನ್ನು ಗಾಜಿಗೆ ಒತ್ತಿದ, ಎಣ್ಣೆ ಮತ್ತು ಜೊಲ್ಲು ಮೆತ್ತಿದ ಅಂಗೈ, ಕೇಳಬೇಕಾದ್ದನ್ನು ಕೇಳಲಿಲ್ಲ, ಕೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಗಾಜಿನ ಆಚೆಯಿಂದ ಮಾತು ನೀರೊಳಗಿನಿಂದ ಬಂದಂತೆ ಬಂತು, ಅವ್ನು ನಿನ್ ಕಡೀಗೇ ನೋಡ್ತವ್ನೆ ಕಣವ್ವ. ಅಷ್ಟೇ ಹೇಳಿ ಹೋದ, ಅಂಗೈಯ ಗುರುತು ಗಾಜಿನ ಮೇಲೆ ಉಳಿಯಿತು, ಆ ಗುರುತಿನ ಐದು ಬೆರಳುಗಳ ನಡುವೆ ದೂರದಲ್ಲಿ ಎಳೆ ಹೊಳೆಯುತ್ತಿತ್ತು, ಆಡುತ್ತಿರಲಿಲ್ಲ. ಆಡುತ್ತಿಲ್ಲ. ಆಡು ಬೊಲ್ಲಾ. ಆಡಿತು, ಸ್ವಲ್ಪ.

ಸರ್, ಬಾಗಿಲು ತೆಗೆಸಿ. ಬೇಡ ಚಿತ್ರಾ. ತೆಗೆಸಿ ಸರ್. ಸರ್ ಫೋನು ನೋಡಿದರು. ಮಹಾಂತೇಶ ಆಕಳಿಸಿದ, ಸರ್, ಒಂದಕ್ಕೆ ಹೋಗಿ ಬರ್ತೀನಿ, ತಡೆಯಕ್ಕಾಗ್ತಿಲ್ಲ, ಇಳಿದ, ಜೀಪಿನ ಹಿಂದಿನಿಂದ ಸುತ್ತಿ ಬಂದ, ನಡೆಯುತ್ತಾ ನಡೆಯುತ್ತಾ ಅವಳ ಬಾಗಿಲಿನ ಹಿಡಿಯನ್ನು ಎಡಗೈಯಲ್ಲಿ ಎತ್ತಿದ, ನಿಲ್ಲಲೂ ಇಲ್ಲ, ನೋಡಲೂ ಇಲ್ಲ, ಹಾಡೊಂದನ್ನು ಗುನುಗುತ್ತಾ ಜಾಲಿಮರದ ಕಡೆ ಹೋದ, ಬಾಗಿಲು ತಾನಾಗಿ ಎಂಬಂತೆ ತೆರೆದುಕೊಂಡಿತು. ಬಿಸಿಗಾಳಿ, ಸಗಣಿ ವಾಸನೆ, ಶೇಂಗಾ ಹೊಟ್ಟಿನ ವಾಸನೆ, ಅವಳು ಐಸ್ ಡಬ್ಬವನ್ನು ಸೀಟಿನ ಮೇಲಿಟ್ಟಳು, ಸಂಸ್ಥೆ ಕೊಟ್ಟ ಬೂಟಿನ ದಾರ ಬಿಚ್ಚಿದಳು, ಒಂದು ದಾರ ಗಂಟು ಬಿತ್ತು, ಹಲ್ಲುಕಚ್ಚಿ ಕಿತ್ತಳು, ಕಾಲು ನೆಲಕ್ಕಿಟ್ಟಾಗ ಮುಳ್ಳು ಸರಿಯಾಗಿಯೇ ಸಿಕ್ಕಿತು, ಒಳ್ಳೆಯದು, ನೋವು ಒಂದೇ ಕಡೆ ಇದ್ದರೆ ಯೋಚನೆಯೂ ಒಂದೇ ಕಡೆ ಇರುತ್ತದೆ, ಮುಳ್ಳುಕಂಪೆ ಬಳಸಿ ನಡೆದಳು, ಮಾವಂದಿರು ಚಿಕ್ಕಪ್ಪಂದಿರು ಸರಿದು ದಾರಿ ಬಿಟ್ಟರು, ಯಾರೋ ಒಬ್ಬರು, ಪಾಲಯ್ಯನ ಮಗಳಿಗೆ ತಲೆಗಿಲೆ ಕೆಟ್ಟೈತೇನ್ಲೇ, ಇನ್ನೊಬ್ಬರು, ಸುಮ್ನಿರಲೇ. ರೊಪ್ಪದ ಬಾಯಿಗೆ ಬಂದು ನಿಂತಳು, ಹದಿಹರೆಯದಲ್ಲಿ ಕೋಲಿಗೆ ಎದೆ ತಾಗಿಸಿ ನಿಂತಿದ್ದ ಅದೇ ಜಾಗ. ಪೊರೆ ಬಲೂನಿಂದು, ಅದನ್ನ ಕೇಳಾಕೆ ಬಂದೀನಿ, ಕೊಡ್ರಿ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಗಾದ್ರಪ್ಪನ ಮುಖದಲ್ಲಿ ಏನೋ ಸಡಿಲಾಯಿತು, ಆದರೆ ಕಟ್ಟಳೆಯಂತೆ ಕೇಳಲೇಬೇಕು, ತೊಟ್ಟಿಲಲ್ಲಿ ನೋಡಿದವಳನ್ನೇ ಕೇಳಬೇಕು, ಯಾರು ನೀನು. ಹಿಂದೆ ಜೀಪಿನ ಬಾಗಿಲ ಸದ್ದು, ಸರ್ ಸಾಕ್ಸಿನಲ್ಲೇ ಇಳಿದು ಓಡಿ ಬಂದು, ನೋಡಿ, ಇವರು ನಮ್ಮ ಕಾಯಂ ಸ್ಟಾಫ್ ಅಲ್ಲ, ಇವರ ಮಾತು ಸಂಸ್ಥೆ ಮಾತಲ್ಲ. ಅಂದರೆ ಅವಳು ಸಂಸ್ಥೆಗೂ ಸೇರಿದವಳಲ್ಲ. ಅವಳು ಅಪ್ಪನನ್ನು ನೋಡಲಿಲ್ಲ, ನೋಡಿದರೆ ಬಾಯಿಂದ ಬೇರೆ ಹೆಸರು ಬಂದೀತು, ಬೊಲ್ಲನ ಮಚ್ಚೆಯನ್ನು ನೋಡುತ್ತಾ, ನಾನು ಬಲೂನಿನ ಕಡೆಯೋಳು ಎಂದಳು. ಕೇಡು ಹೊರ್ತೀಯಾ. ಹೊರ್ತೀನಿ. ಗಾದ್ರಪ್ಪ ಸರ್ ಕಡೆ ತಿರುಗಿ, ಕೇಳಿದ್ದು ಆಯ್ತು ಸ್ವಾಮಿ, ನಿಮ್ದು ಪೆಟ್ಟಿಗೆ ತಗಂಡೋಗ್ರಿ, ಮಿಕ್ಕಿದ್ದು ಈವಮ್ಮಂದು. ಈವಮ್ಮ. ಚಿತ್ರವ್ವ ಎನ್ನಲಿಲ್ಲ, ಮಗ ಎನ್ನಲಿಲ್ಲ. ಅಪ್ಪನ ದನಿ ಕೇಳಿತು, ಒಣಗಿದ ದನಿ, ಬರ್ರಿ ಡಾಕ್ಟ್ರೇ, ಕತ್ತಿ ತರ್ರಿ.

ಬೊಲ್ಲನ ತಲೆ ಹೊರಗಡೆಗೆ, ಮೈ ಒಳಗಡೆಗೆ, ಡಾಕ್ಟರೂ ಅಪ್ಪನೂ ಇನ್ನಿಬ್ಬರೂ ಅವನ ಎಡಪಕ್ಕೆಯ ಕಡೆ ಸರಿದು ಮರೆಯಾದರು, ಅವಳಿಗೆ ಕಾಣುವುದು ತಲೆಯೊಂದೇ, ಹಣೆಯ ಬಿಳಿ, ನೀರು ತುಂಬಿದ ಕಣ್ಣು, ತೆರೆದ ಬಾಯಿ, ಎಳೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಚಾಚುವಂತಿಲ್ಲ, ಅಂಗೈಯನ್ನು ತೊಡೆಗೆ ಒತ್ತಿ ಹಿಡಿದಳು, ಉಪ್ಪು ತಂದಿಲ್ಲ, ಉಪ್ಪು ತರಬೇಕಿತ್ತು. ಪಿಚಕಾರಿಯಿಂದ ಮದ್ದು ಏರಿಸುತ್ತಿದ್ದಾರೆ, ಡಾಕ್ಟರ ದನಿ, ಹಿಡ್ಕ ಪಾಲಯ್ಯ, ಬಾಲ ಹಿಡ್ಕಳ್ರೋ, ಆಮೇಲೆ ದನಿ ಇಲ್ಲ, ಆಮೇಲೆ ಗಾಳಿ ಹೊರಟ ಸದ್ದು, ದೊಡ್ಡದೊಂದು ನಿಟ್ಟುಸಿರು, ವಾಸನೆ ಬಂದು ಮೂಗಿಗೆ ಹೊಡೆಯಿತು, ಸರ್ ಎಲ್ಲೋ ಹಿಂದೆ ಕೆಮ್ಮಿದರು, ಐಸ್ ಡಬ್ಬಕ್ಕೆ ಸೀಸೆ ಜೋಡಿಸುವ ಕಿಣಿಕಿಣಿ, ಆಕಾಶದ ಅಂಚು ಹುಷಾರಾಗಿ ಮುಚ್ಚಳದೊಳಗೆ ಸೇರುತ್ತಿದೆ. ಬಂತು ನೋಡ್ರಿ, ಸಿಕ್ಕೈತೆ, ಎಳೀತೀನಿ, ಮೆಲ್ಲಕೆ. ಬೊಲ್ಲ ಕಣ್ಣು ಅಗಲಿಸಿದ, ಅವಳನ್ನೇ ನೋಡುತ್ತಿದ್ದಾನೆ, ಬಲೂನಿನ ಕಡೆಯೋಳನ್ನು, ಈವಮ್ಮನನ್ನು, ದಾ ಬೊಲ್ಲಾ ಎನ್ನಬೇಕು, ಎನ್ನಬಹುದೇ ಈಗ, ಯಾವ ಬಾಯಿಂದ — ಎಳೆ ಅಲ್ಲಾಡಿತು. ಬೀಸಿ ಆಡಿದ್ದಲ್ಲ, ಮೇಲಕ್ಕೆ. ಒಳಗಿನಿಂದ ಎಳೆಯುತ್ತಿದ್ದಾರೆ, ಅದಕ್ಕೆ ಎಳೆ ಮೇಲಕ್ಕೆ ಹೋಗುತ್ತಿದೆ, ಒಂದು ಬೆರಳು, ಎರಡು ಬೆರಳು, ಬೆಳಿಗ್ಗೆಯಿಂದ ಬೀಳದೆ ನಿಂತದ್ದು ಏರುತ್ತಿದೆ, ತುಟಿಯ ಕಡೆ, ಬಿಸಿಲಿನಲ್ಲಿ ಬೆಳ್ಳಿ, ಅದನ್ನು ನೋಡು, ಬೇರೇನೂ ನೋಡಬೇಡ, ಅಪ್ಪನ ಚೊಂಬು ನೋಡಬೇಡ, ಏರುತ್ತಿದೆ, ಇನ್ನೊಂದು ಬೆರಳು, ತುದಿ ಬರಲಿ, ತುದಿ ಒಳಗೆ ಹೋಗಲಿ, ಹೋಗು, ಹೋಗು — ನಿಂತಿತು. ಸಿಕ್ಕಾಕ್ಕೊಂಡೈತೆ, ತಡೀರಿ, ಎಂದಿತು ಒಳಗಿನ ದನಿ. ತುಟಿಯ ಕೆಳಗೆ ಒಂದು ಬೆರಳಿನಷ್ಟು ಉಳಿದಿದೆ, ಹೊಳೆಯುತ್ತಿದೆ, ಆಡುತ್ತಿಲ್ಲ, ಏರುತ್ತಿಲ್ಲ, ಬೀಳುತ್ತಿಲ್ಲ, ಹೊಳೆಯುತ್ತಿದೆ, ಒಂದು ಬೆರಳಿನಷ್ಟು.